ಪಿಸ್ತೂಲಿಗೊಂದು ಚರ್ಮದ ಒರೆ

ಕತ್ತಿಗೆ ಒರೆ, ಬಾಣಕ್ಕೆ ಬತ್ತಳಿಕೆ. ಈ ಎರಡು ಮಾತುಗಳೂ ಕನ್ನಡಕ್ಕೆ ಹಳೆಯವು. ಆದರೆ ಪಿಸ್ತೂಲನ್ನು ಇಟ್ಟುಕೊಳ್ಳುವ ಚರ್ಮದ ಚೀಲಕ್ಕೆ ಹೋಲ್‌ಸ್ಟರ್ ಎಂಬ ಪರಭಾಷೆಯ ಪದವೇ ನಮ್ಮಲ್ಲಿ ಬಳಕೆಗೆ ಬಂತು. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವೂ ಓಡಾಡುವುದು ಇಲ್ಲಿನ ಜನಸಾಮಾನ್ಯರ ಅಭ್ಯಾಸವಲ್ಲ. ನಾವು ಅದನ್ನು ಕಂಡದ್ದು ಪೊಲೀಸ್ ಅಧಿಕಾರಿಯ ಬೆಲ್ಟಿನಲ್ಲಿ, ಇಲ್ಲವೇ ಸಿನಿಮಾ ಪರದೆಯ ಮೇಲೆ.

ಸಿನಿಮಾ ತೋರಿಸಿಕೊಟ್ಟ ದೃಶ್ಯ ಎಲ್ಲರಿಗೂ ಪರಿಚಿತ. ಬಿಕೋ ಎನ್ನುವ ಬೀದಿ, ಎದುರುಬದುರು ನಿಂತ ಇಬ್ಬರು, ತೊಡೆಯವರೆಗೆ ಇಳಿಬಿದ್ದ ಹೋಲ್‌ಸ್ಟರ್, ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬರುವ ರಿವಾಲ್ವರ್. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ಮೇಲೂ ಅಮೆರಿಕದ ಈ ಕೌಬಾಯ್ ಚಿತ್ರಗಳ ನೆರಳಿದೆ. ಆದರೆ ಹೋಲ್‌ಸ್ಟರ್‌ನ ನಿಜವಾದ ಚರಿತ್ರೆ ವೇಗದ ಚರಿತ್ರೆಯಷ್ಟೇ ಅಲ್ಲ. ಬೇಕೆಂದಾಗ ಆಯುಧ ಥಟ್ಟನೆ ಕೈಗೆ ಬರಬೇಕು. ಬೇಡವಾದಾಗ ಅದು ಬೀಳಬಾರದು, ಸಿಡಿಯಬಾರದು, ಬೇರೆಯವರ ಕೈಗೂ ಸಿಗಬಾರದು. ಪರಸ್ಪರ ವಿರುದ್ಧವಾದ ಈ ಎರಡು ಕೆಲಸಗಳನ್ನು ಒಂದು ತುಂಡು ಚರ್ಮದಿಂದ ಮಾಡಿಸುವ ಪ್ರಯತ್ನವೇ ಇದರ ಕತೆ.

ಕುದುರೆಯಿಂದ ಸೊಂಟಕ್ಕೆ

ಮೊದಲಿಗೆ ಹೋಲ್‌ಸ್ಟರ್ ಇದ್ದದ್ದು ಮನುಷ್ಯನ ಮೈಮೇಲಲ್ಲ, ಕುದುರೆಯ ಮೇಲೆ. 17 ಮತ್ತು 18ನೇ ಶತಮಾನಗಳ ಯುರೋಪಿನ ಸವಾರರು ಉದ್ದನೆಯ, ಒಂದೇ ಗುಂಡಿನ ಪಿಸ್ತೂಲುಗಳನ್ನು ಜೀನಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ತೂಗುಹಾಕುತ್ತಿದ್ದರು. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ತನ್ನ ರಿವಾಲ್ವರ್‌ಗೆ ಪೇಟೆಂಟ್ ಪಡೆದ ಮೇಲೂ ಈ ಪದ್ಧತಿ ತಕ್ಷಣ ಬದಲಾಗಲಿಲ್ಲ. 1847ರ ವಾಕರ್ ಮಾದರಿಯ ರಿವಾಲ್ವರ್ ಸುಮಾರು ಎರಡು ಕಿಲೋ ತೂಗುತ್ತಿತ್ತು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆಯುವುದು ಯಾರಿಗೂ ಸುಲಭವಾಗಿರಲಿಲ್ಲ.

1851ರಲ್ಲಿ ಬಂದ ನೇವಿ ಮಾದರಿಯ ತೂಕ ಸುಮಾರು ಒಂದೂಕಾಲು ಕಿಲೋಗೆ ಇಳಿಯಿತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಬೇಟೆ ನಡೆದಿತ್ತು. ಆಯುಧವನ್ನು ಮೈಮೇಲೆಯೇ ಇಟ್ಟುಕೊಳ್ಳಬಯಸಿದ ಜನರಿಗಾಗಿ, ರಿವಾಲ್ವರ್‌ನ ಆಕಾರಕ್ಕೆ ಸರಿಯಾಗಿ ಹೊಲಿದ ತೆಳ್ಳನೆಯ ಹೋಲ್‌ಸ್ಟರ್ ಬಂತು. ‘ಕ್ಯಾಲಿಫೋರ್ನಿಯಾ ಮಾದರಿ’ ಎಂದು ಹೆಸರಾದದ್ದು ಇದೇ. 1870ರ ದಶಕದ ನಂತರ ‘ಮೆಕ್ಸಿಕನ್ ಲೂಪ್’ ಮಾದರಿ ಜನಪ್ರಿಯವಾಯಿತು. ಇದರಲ್ಲಿ ಹೋಲ್‌ಸ್ಟರ್‌ನ ಹಿಂಬದಿಯ ಅಗಲವಾದ ಚರ್ಮವನ್ನು ಮಡಿಸಿ, ಅದರಲ್ಲೇ ಸೀಳು ಮಾಡಿ, ಆ ಸೀಳಿನೊಳಗೆ ಚೀಲವನ್ನು ತೂರಿಸುತ್ತಿದ್ದರು. ಕೆಲಸ ಸರಳ, ಬಾಳಿಕೆ ಹೆಚ್ಚು.

ಸೈನಿಕರ ಹೋಲ್‌ಸ್ಟರ್ ಬೇರೆಯದೇ ಬಗೆಯದು. ಮಳೆ, ಧೂಳು ತಾಗದಂತೆ ಅದಕ್ಕೆ ದೊಡ್ಡ ಮುಚ್ಚಳವಿತ್ತು. ಅಮೆರಿಕದ ಅಶ್ವದಳದಲ್ಲಿ ಅದು ಬಲಸೊಂಟದಲ್ಲಿದ್ದರೂ ರಿವಾಲ್ವರ್‌ನ ಹಿಡಿ ಮುಂದಕ್ಕೆ ಮುಖಮಾಡಿರುತ್ತಿತ್ತು. ಬಲಗೈಯಲ್ಲಿ ಕತ್ತಿ ಹಿಡಿದಾಗ ಎಡಗೈಯಿಂದಲೂ ರಿವಾಲ್ವರ್ ತೆಗೆಯಲು ಸಾಧ್ಯವಾಗಲಿ ಎಂಬುದು ಇದರ ಉದ್ದೇಶವಾಗಿತ್ತು ಎನ್ನಲಾಗಿದೆ.

ಊರೊಳಗೆ ಆಯುಧ ನಿಷಿದ್ಧ

ಕೌಬಾಯ್‌ಗಳ ಊರುಗಳಲ್ಲಿ ಎಲ್ಲರೂ ಪಿಸ್ತೂಲು ಕಟ್ಟಿಕೊಂಡೇ ಅಡ್ಡಾಡುತ್ತಿದ್ದರು ಎಂಬುದು ಇನ್ನೊಂದು ನಂಬಿಕೆ. ಆದರೆ ಕಾನ್ಸಾಸ್‌ನ ಡಾಡ್ಜ್ ಸಿಟಿಯ 1870ರ ದಶಕದ ಒಂದು ಛಾಯಾಚಿತ್ರದಲ್ಲಿ, ಊರೊಳಗೆ ಆಯುಧ ಧರಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ ಎಂಬ ಫಲಕ ಸ್ಪಷ್ಟವಾಗಿ ಕಾಣುತ್ತದೆ. ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣವೂ 1881ರಲ್ಲಿ ಇಂಥದೇ ನಿಯಮ ಮಾಡಿತು. ಆ ವರ್ಷದ ಅಕ್ಟೋಬರ್ 26ರಂದು ಓ.ಕೆ. ಕೊರಾಲ್ ಬಳಿ ನಡೆದ, ಮೂವರನ್ನು ಬಲಿ ತೆಗೆದುಕೊಂಡ ಪ್ರಸಿದ್ಧ ಕಾಳಗ ಆರಂಭವಾದದ್ದು ಈ ನಿಯಮದ ಹೆಸರಿನಲ್ಲಿ ಎದುರಾಳಿಗಳ ಆಯುಧ ಕಸಿದುಕೊಳ್ಳಲು ಹೋದಾಗ. ಅಂದು ವ್ಯಾಟ್ ಅರ್ಪ್‌ನ ರಿವಾಲ್ವರ್ ಹೋಲ್‌ಸ್ಟರ್‌ನಲ್ಲಿ ಇರಲಿಲ್ಲ. ಕೋಟಿನ ಜೇಬಿನಲ್ಲಿತ್ತು ಎಂದು ಆತನೇ ವಿಚಾರಣೆಯಲ್ಲಿ ಹೇಳಿದ್ದಾನೆ.

ಅದೇ ಅರ್ಪ್‌ನ ಇನ್ನೊಂದು ಪ್ರಸಂಗವೂ ಇಲ್ಲಿ ಉಲ್ಲೇಖನೀಯ. 1876ರ ಜನವರಿಯಲ್ಲಿ, ವಿಚಿಟಾ ಪಟ್ಟಣದ ಮದ್ಯದಂಗಡಿಯೊಂದರಲ್ಲಿ ಕುಳಿತಿದ್ದಾಗ, ಆತನ ರಿವಾಲ್ವರ್ ಹೋಲ್‌ಸ್ಟರ್‌ನಿಂದ ಜಾರಿ ಕೆಳಗೆ ಬಿದ್ದು ಸಿಡಿಯಿತು. ಗುಂಡು ಅವನ ಕೋಟನ್ನು ತೂರಿಕೊಂಡು ಹೋಯಿತು. ಕುದುರೆ ಗುಂಡಿನ ಮೇಲೆಯೇ ಒರಗಿರುತ್ತಿದ್ದ ಆ ಕಾಲದ ರಿವಾಲ್ವರ್‌ಗಳಿಗೆ ಬಿದ್ದ ಪೆಟ್ಟೇ ಸಾಕಿತ್ತು. ಆದ್ದರಿಂದಲೇ ತಿಳಿದವರು ಆರು ಗುಂಡಿನ ಜಾಗದಲ್ಲಿ ಐದನ್ನೇ ತುಂಬಿ, ಕುದುರೆಯ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು.

ತೊಡೆಗೆ ಇಳಿಬಿಟ್ಟು ಕ್ಷಣಾರ್ಧದಲ್ಲಿ ಸೆಳೆಯುವ ಹೋಲ್‌ಸ್ಟರ್‌ಗೆ ಮೆರುಗು ಕೊಟ್ಟದ್ದು ಹಾಲಿವುಡ್. 1950ರ ದಶಕದಲ್ಲಿ ಆರ್ವೊ ಒಜಾಲ ಎಂಬಾತ ಚರ್ಮದ ಪದರಗಳ ನಡುವೆ ಲೋಹದ ತಗಡು ಕೂರಿಸಿದ ಹೋಲ್‌ಸ್ಟರ್ ರೂಪಿಸಿದ. ಅನೇಕ ನಟರಿಗೆ ವೇಗವಾಗಿ ರಿವಾಲ್ವರ್ ಸೆಳೆಯುವುದನ್ನು ಕಲಿಸಿದವನೂ ಈತನೇ.

ಒಂಟಿ ಕೈಯ ಅಧಿಕಾರಿ

ಹೋಲ್‌ಸ್ಟರ್‌ನ ಚರಿತ್ರೆಯಲ್ಲಿ ಭಾರತಕ್ಕೂ ಒಂದು ಸ್ಥಾನವಿದೆ. ಬರಾಕ್‌ಪುರದಲ್ಲಿ 1824ರಲ್ಲಿ ಹುಟ್ಟಿದ ಸ್ಯಾಮ್ ಬ್ರೌನ್, ಪಂಜಾಬಿನ ಅಶ್ವದಳವೊಂದರ ಬ್ರಿಟಿಷ್ ಅಧಿಕಾರಿ. ದಂಗೆಯ ಕಾಲದಲ್ಲಿ, 1858ರ ಆಗಸ್ಟ್ 31ರಂದು, ಉತ್ತರ ಭಾರತದ ಸೀರ್‌ಪುರದ ಕಾಳಗದಲ್ಲಿ ಆತನ ಎಡತೋಳು ಕತ್ತರಿಸಿಹೋಯಿತು. ಕತ್ತಿ ಹಿರಿಯುವಾಗ ಒರೆಯನ್ನು ಎಡಗೈಯಿಂದ ಹಿಡಿಯಬೇಕು. ಆ ಕೈಯೇ ಇಲ್ಲದಾಗ ಆತ ಕಂಡುಕೊಂಡ ಉಪಾಯವೆಂದರೆ, ಸೊಂಟದ ಪಟ್ಟಿಗೆ ಬಲಭುಜದ ಮೇಲಿಂದ ಅಡ್ಡಲಾಗಿ ಹಾಯುವ ಇನ್ನೊಂದು ಪಟ್ಟಿಯನ್ನು ಜೋಡಿಸಿ ಒರೆಯ ಭಾರವನ್ನು ಅದಕ್ಕೆ ವಹಿಸುವುದು. ಎಡಕ್ಕೆ ಕತ್ತಿ, ಬಲಕ್ಕೆ ಮುಚ್ಚಳದ ಹೋಲ್‌ಸ್ಟರ್‌ನಲ್ಲಿ ಪಿಸ್ತೂಲು. ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ‘ಸ್ಯಾಮ್ ಬ್ರೌನ್ ಬೆಲ್ಟ್’ ಬ್ರಿಟಿಷ್ ಅಧಿಕಾರಿಗಳ ಗುರುತೇ ಆಗಿಬಿಟ್ಟಿತು. ಕವಾಯತಿನ ದಿನ ನಮ್ಮ ಪೊಲೀಸ್ ಅಧಿಕಾರಿಗಳು ಧರಿಸುವ ಅಡ್ಡಪಟ್ಟಿಯ ಮೂಲ ಇಲ್ಲಿದೆ.

ಒಬ್ಬನ ಅಂಗವೈಕಲ್ಯದಿಂದ ಹುಟ್ಟಿದ ಸಾಧನ ಅಧಿಕಾರದ ಚಿಹ್ನೆಯಾದದ್ದು ಆಕಸ್ಮಿಕವಲ್ಲ. ದಂಗೆಯ ನಂತರ ಭಾರತೀಯರ ಕೈಯಿಂದ ಆಯುಧ ಕಸಿಯುವ ಕೆಲಸ ನಡೆಯಿತು. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆ ಕಾಲದಲ್ಲಿ ವಿನಾಯಿತಿ ಪಡೆದ ಕೆಲವೇ ಭಾರತೀಯರಲ್ಲಿ ಕೊಡವರೂ ಸೇರಿದ್ದರು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ಉಳಿದವರ ಪಾಲಿಗೆ ಸೊಂಟದ ಹೋಲ್‌ಸ್ಟರ್ ಎಂದರೆ ಸರ್ಕಾರವೇ ಎದುರು ನಿಂತಂತೆ.

ಚರ್ಮ ಹಳತಾದಾಗ

ಒಳ್ಳೆಯ ಹೋಲ್‌ಸ್ಟರ್‌ಗೆ ಮರದ ತೊಗಟೆಯ ರಸದಲ್ಲಿ ಹದಮಾಡಿದ ದಪ್ಪ ಚರ್ಮವೇ ಬೇಕು. ಅದನ್ನು ನೀರಿನಲ್ಲಿ ನೆನೆಸಿ, ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಒಣಗಿಸಿದರೆ ಆ ಆಕಾರವನ್ನು ಉಳಿಸಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಅದು ಪಿಸ್ತೂಲಿಗೂ ಧರಿಸುವವನ ಸೊಂಟಕ್ಕೂ ಒಗ್ಗಿ, ಹಳೆಯ ಚಪ್ಪಲಿಯಂತೆ ಹಿತವಾಗುತ್ತದೆ. ಅದನ್ನು ದಿನನಿತ್ಯ ಧರಿಸುವ ಅಮೆರಿಕನ್ನರು ಹಳೆಯ ಹೋಲ್‌ಸ್ಟರ್ ಬಿಡಲು ಒಪ್ಪದಿರುವುದು ಇದೇ ಕಾರಣಕ್ಕೆ.

ಅಪಾಯ ಇರುವುದೂ ಅಲ್ಲೇ. ಸವೆದು ಮೆತ್ತಗಾದ ಚರ್ಮದ ಬಾಯಿ ಒಳಕ್ಕೆ ಮಡಿಚಿಕೊಳ್ಳುತ್ತದೆ. ಪಿಸ್ತೂಲನ್ನು ಒಳಗೆ ತಳ್ಳುವಾಗ ಆ ಮಡಿಕೆ ಕುದುರೆಗುಂಡಿಯನ್ನು, ಅಂದರೆ ಟ್ರಿಗರ್ ಅನ್ನು, ಬೆರಳಿನಂತೆಯೇ ಒತ್ತಬಲ್ಲದು. ಚರ್ಮ ತೇವ ಹೀರಿಕೊಳ್ಳುವುದರಿಂದ ಲೋಹಕ್ಕೆ ತುಕ್ಕೂ ಹಿಡಿಯುತ್ತದೆ. ಹಿತ್ತಾಳೆಯ ತೋಟಾಗಳಿಗೆ ಹಸಿರು ಕಿಲುಬು ಕಟ್ಟುತ್ತದೆ. ಹೀಗಾಗಿ ಗಟ್ಟಿ ಪ್ಲಾಸ್ಟಿಕ್‌ನ ಹೋಲ್‌ಸ್ಟರ್‌ಗಳು ಬಂದವು. ವಿಮಾನದ ಒಳಾಂಗಣಕ್ಕೆಂದು 1960ರ ದಶಕದಲ್ಲಿ ಸಿದ್ಧವಾದ ಕೈಡೆಕ್ಸ್ ಎಂಬ ಹಾಳೆ ಇವುಗಳಲ್ಲಿ ಹೆಚ್ಚು ಬಳಕೆಯದು. ಕೈಕೈ ಮಿಲಾಯಿಸಿದಾಗ ಪೊಲೀಸರ ಪಿಸ್ತೂಲನ್ನೇ ಕಿತ್ತುಕೊಂಡು ಅವರ ಮೇಲೆ ಗುಂಡು ಹಾರಿಸಿದ ಪ್ರಕರಣಗಳ ನಂತರ, ಗುಪ್ತ ಕೊಂಡಿಗಳಿರುವ ಹೋಲ್‌ಸ್ಟರ್‌ಗಳೂ ಬಳಕೆಗೆ ಬಂದವು.

ಇಂದು ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವಯಸ್ಕರು ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಓಡಾಡಬಹುದು. ನಮ್ಮಲ್ಲಿ ಪರವಾನಗಿ ಬೇಕು; ಅದರ ಮೇಲೆ, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಹೋಲ್‌ಸ್ಟರ್ ಅಥವಾ ಅಂಥದೇ ಚೀಲದಲ್ಲಿಟ್ಟು ಒಯ್ಯಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಆಯುಧ ಯಾರ ಬಳಿ ಇರಬೇಕೆಂಬ ವಾದ ಎರಡೂ ಕಡೆ ಮುಂದುವರಿಯಬಹುದು. ಆದರೆ ಸೊಂಟದಲ್ಲಿರುವ ಪಿಸ್ತೂಲು ದಿನದ ಬಹುಪಾಲು ಹೊತ್ತು ಹೊರಗೆ ಬರುವುದೇ ಇಲ್ಲ. ಆ ಹೊತ್ತೆಲ್ಲ ಅದನ್ನು ಧರಿಸಿದವನ, ಅವನ ಪಕ್ಕದಲ್ಲಿ ಕುಳಿತವರ ಜೀವ ಕಾಯುವುದು ಆ ಒರೆ. ವಿಚಿಟಾದ ಆ ರಾತ್ರಿ ವ್ಯಾಟ್ ಅರ್ಪ್‌ನ ಸುತ್ತ ಕುಳಿತಿದ್ದವರಿಗೆ ಇದು ಚೆನ್ನಾಗಿ ಅರ್ಥವಾಗಿರಬೇಕು.