ಮಗುವಿನ ಮೊದಲ ಹೊರಸು

ಮಗು ತೊಟ್ಟಿಲು ಬಿಟ್ಟ ಮೇಲೆ ಅದನ್ನು ಎಲ್ಲಿ ಮಲಗಿಸಬೇಕು? ಇಂದು ಇದಕ್ಕೆ ಉತ್ತರ ಹುಡುಕಿಕೊಂಡು ನಾವು ಪೇಟೆಯ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಮೊದಲು ತೋರಿಸುವುದು ಅತ್ಯಂತ ಮೆತ್ತನೆಯ ಗಾದಿಯನ್ನು. ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಕನ್ನಡ ಮನೆಗಳಲ್ಲಿ ಹಿಂದೆ ಇದಕ್ಕೆ ಬೇರೆಯೇ ಉತ್ತರವಿತ್ತು. ಆ ಇತಿಹಾಸ ತಿಳಿದರೆ ಇಂದಿನ ಆಯ್ಕೆಯೂ ಸುಲಭವಾದೀತು.

ನಮ್ಮ ಕಡೆ ಕಲ್ಲು ಮಣ್ಣಿನ ಮಾಳಿಗೆ ಮನೆಗಳು ಹೆಚ್ಚು. ಗೋಡೆಯ ಸಂದುಗಳಲ್ಲಿ ಚೇಳು ಇರುತ್ತಿದ್ದವು. ಮಳೆಗಾಲದಲ್ಲಿ ಕಟ್ಟುಹಾವು ಒಳಗೆ ಬರುತ್ತಿತ್ತು. ಈ ಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನೇ ಕಚ್ಚುತ್ತದೆ. ನೋವು ಕಡಿಮೆ ಇರುವುದರಿಂದ ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಕೆಂಪು ಚೇಳಿನ ವಿಷವಂತೂ ದೊಡ್ಡವರಿಗಿಂತ ಚಿಕ್ಕ ಮಕ್ಕಳಿಗೆ ಹೆಚ್ಚು ಅಪಾಯ. ಇದೇ ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಔಷಧ ಬಳಸಿ ಚೇಳು ಕಡಿದವರ ಸಾವನ್ನು ಬಹಳ ಮಟ್ಟಿಗೆ ಇಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಆ ಔಷಧ ಬರುವ ಮೊದಲು ಮನೆಯವರ ಕೈಯಲ್ಲಿದ್ದ ಉಪಾಯವೆಂದರೆ ಮಗುವನ್ನು ನೆಲದಿಂದ ಮೇಲೆ ಮಲಗಿಸುವುದು.

ಆದ್ದರಿಂದ ಹೊರಸನ್ನು ಬರೀ ಬಡವರ ಮನೆಯ ವಸ್ತು ಎಂದು ತಿಳಿಯಬಾರದು. ನಾಲ್ಕು ಕಾಲು, ನಾಲ್ಕು ಪಟ್ಟಿ, ಪುಂಡಿನಾರಿನ ಹಗ್ಗ, ಇಷ್ಟೇ ಅದರ ಬಂಡವಾಳ. ಎತ್ತರ ಮೊಣಕಾಲಿನಷ್ಟು. ಮಗು ಉರುಳಿ ಬಿದ್ದರೂ ದೊಡ್ಡ ಪೆಟ್ಟಾಗದು, ಚೇಳಿಗೂ ಸುಲಭವಾಗಿ ಸಿಗದು. ಹಗ್ಗ ಸಡಿಲಾಗಿ ನಡುವೆ ಜೋತು ಬಿದ್ದರೆ ಕಾಲಬದಿಯ ಹಗ್ಗವನ್ನು ಮತ್ತೆ ಬಿಗಿಯುತ್ತಿದ್ದರು. ಅದರ ಮೇಲೆ ಆಯಿ ಹಳೆಯ ಸೀರೆ, ಧೋತರಗಳನ್ನು ಸೇರಿಸಿ ಹೊಲಿದ ಕೌದಿ. ತೆಳುವಾಗಿದ್ದರೂ ಗಟ್ಟಿ. ಮಗು ಒದ್ದೆ ಮಾಡಿದರೆ ಒಗೆದು ಬಿಸಿಲಿಗೆ ಹಾಕಬಹುದಿತ್ತು.

ಅರಳೆಯ ಗಾದಿ ಇದ್ದವರ ಮನೆಯ ವಸ್ತುವಾಗಿತ್ತು. ಪಿಂಜಾರರು ಬಿಲ್ಲು ಹೊತ್ತು ಊರೂರಿಗೆ ಬಂದು, ಗಂಟುಗಟ್ಟಿದ ಅರಳೆಯನ್ನು ಹಿಂಜಿ ಮತ್ತೆ ತುಂಬಿ ಕೊಡುತ್ತಿದ್ದರು. ಗಾದಿ ಹಾಳಾದರೆ ಎಸೆಯುವ ಮಾತಿರಲಿಲ್ಲ. 1870ರ ದಶಕದಲ್ಲಿ ಸೋಲಾಪುರದಲ್ಲಿ ಬಟ್ಟೆ ಗಿರಣಿ ಆರಂಭವಾಯಿತು. ಮುಂದೆ ಇಲ್ಲಿನ ಮಗ್ಗದ ಚಾದರ ದೇಶಕ್ಕೆಲ್ಲ ಹೆಸರಾಯಿತು. ಹಾಸಲೂ ಹೊದೆಯಲೂ ಒಂದೇ ಚಾದರ ಸಾಕಿತ್ತು. ಆಮೇಲೆ ರಬ್ಬರು ಬೆರೆಸಿದ ತೆಂಗಿನ ನಾರಿನ ಗಾದಿ, ಅದರ ಹಿಂದೆ ಫೋಮು ಬಂದವು. ಪಿಂಜಾರರ ಬಿಲ್ಲಿನ ಸದ್ದು ಅಪರೂಪವಾಯಿತು.

ಹಿರಿಯರು ರೂಢಿಯಿಂದ ಕಂಡುಕೊಂಡ ಕೆಲವು ಮಾತುಗಳನ್ನು ವೈದ್ಯರೂ ಹೇಳುತ್ತಾರೆ. ವರ್ಷ ತುಂಬದ ಕೂಸಿಗೆ ಗಟ್ಟಿಯಾದ, ಸಮನಾದ ಹಾಸಿಗೆ ಬೇಕು. ಕೂಸನ್ನು ಅಂಗಾತ ಮಲಗಿಸಬೇಕು. ತಲೆದಿಂಬು, ದಪ್ಪ ಹೊದಿಕೆ ಬೇಡ. ಮೆತ್ತನೆಯದರಲ್ಲಿ ಮುಖ ಹುದುಗಿದರೆ ಉಸಿರು ಕಟ್ಟುತ್ತದೆ. ಜೋತು ಬಿದ್ದ ಹೊರಸೂ ಕೂಸಿಗೆ ಸಲ್ಲದು. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸುವ ಬಗ್ಗೆ ದೊಡ್ಡ ಪ್ರಚಾರ ನಡೆದು, ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಕೂಸುಗಳ ಸಂಖ್ಯೆ ಬಹಳ ಇಳಿಯಿತು.

ಕಟಕಟೆಯ ಮಂಚದಲ್ಲಿ ಮಲಗುವ ಮಗು ಸುಮಾರು 89 ಸೆಂಟಿಮೀಟರ್ ಎತ್ತರವಾದಾಗ, ಇಲ್ಲವೆ ಕಟಕಟೆ ಹತ್ತತೊಡಗಿದಾಗ, ಅದಕ್ಕೆ ತಗ್ಗಾದ ಮಂಚ ಬೇಕು. ಕೊಳ್ಳುವಾಗ ನಾವು ನೋಡಬೇಕಾದದ್ದು ಇಷ್ಟು: ಅಂಗೈಯಿಂದ ಒತ್ತಿ ಬಿಟ್ಟರೆ ಗಾದಿ ಕೂಡಲೇ ಮೊದಲಿನಂತಾಗಬೇಕು. ಗಾದಿಗೂ ಮಂಚದ ಪಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಮೇಲಿನ ಬಟ್ಟೆ ತೆಗೆದು ಒಗೆಯುವಂತಿರಬೇಕು. ಅಂತಸ್ತಿನ ಮಂಚದ ಮೇಲ್ಭಾಗ ಆರು ವರ್ಷದೊಳಗಿನವರಿಗೆ ಬೇಡವೇ ಬೇಡ.

ಮಂಚವಿದ್ದರೂ ಸೊಳ್ಳೆಪರದೆ ಬಿಡಬಾರದು. ಅದರ ಅಂಚನ್ನು ಗಾದಿಯ ಕೆಳಗೆ ಸಿಕ್ಕಿಸಬೇಕು. ಆಗ್ನೇಯ ನೇಪಾಳದ ಹಳ್ಳಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪರದೆಯೊಳಗೆ ಮಲಗಿದವರಿಗೆ ಹಾವು ಕಚ್ಚುವುದು ಕಡಿಮೆ ಎಂದು ತೋರಿಸಿತು. ಹೊದಿಕೆ ಜೋತು ಬಿದ್ದು ನೆಲ ಮುಟ್ಟಬಾರದು, ಮಂಚ ಗೋಡೆಗೆ ತಾಗಬಾರದು.

ಮಂಚ ಕೊಳ್ಳಲು ಸಾಲ ಮಾಡಲೇಬೇಕೆಂದಿಲ್ಲ. ನಡೆದಾಡುವ ಮಗುವಿಗೆ ಬಿಗಿದು ಕಟ್ಟಿದ ಹೊರಸು, ಒಂದು ಕೌದಿ, ಒಂದು ಪರದೆ ಇದ್ದರೂ ನೆಮ್ಮದಿಯ ನಿದ್ದೆ ಬರುತ್ತದೆ. ಮಕ್ಕಳೇ, ನೀವು ಮೊದಲು ಮಲಗಿದ ಕೌದಿಯಲ್ಲಿ ಯಾರ ಯಾರ ಸೀರೆಗಳಿವೆ ಎಂದು ಇವತ್ತೇ ನಿಮ್ಮ ಆಯಿಯನ್ನು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ನಮ್ಮ ಮನೆತನದ ಇತಿಹಾಸ ಯಾವ ಪಠ್ಯಪುಸ್ತಕದಲ್ಲೂ ಅಚ್ಚಾಗಿಲ್ಲ. ಅದನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ನಮ್ಮದೇ.