ಸ್ತನ ಕ್ಯಾನ್ಸರ್: ದೀರ್ಘಕಾಲದ ಉಳಿವು ಮತ್ತು ಮುನ್ಸೂಚಕ ಅಂಶಗಳು

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ ಯಾರಿಗೆ ರೋಗ ಮರುಕಳಿಸಬಹುದು, ಯಾರು ಬಹುಕಾಲ ಬದುಕಬಹುದು ಎಂದು ಅಂದಾಜಿಸಲು ನೆರವಾಗುವ ಲಕ್ಷಣಗಳೇ ಮುನ್ಸೂಚಕ ಅಂಶಗಳು. ಗಡ್ಡೆಯ ಗಾತ್ರ, ಕಂಕುಳಿನ ದುಗ್ಧಗ್ರಂಥಿಗಳಿಗೆ ಹರಡಿರುವ ಪ್ರಮಾಣ, ಕೋಶಗಳ ದರ್ಜೆ, ಹಾರ್ಮೋನ್ ಗ್ರಾಹಕಗಳು, ಹರ್-2 ಪ್ರೋಟೀನು ಇವುಗಳಲ್ಲಿ ಮುಖ್ಯ. 5 ವರ್ಷ ಕಳೆದರೆ ಗೆದ್ದಂತೆ ಎಂಬ ಮಾತು ಕ್ಯಾನ್ಸರಿನ ವಿಷಯದಲ್ಲಿ ರೂಢಿಯಲ್ಲಿದೆ. ಸ್ತನ ಕ್ಯಾನ್ಸರಿನ ಎಲ್ಲ ಬಗೆಗಳಿಗೂ ಅದು ಹೊಂದುವುದಿಲ್ಲ.

ಚಿಕಿತ್ಸೆಯೇ ಇಲ್ಲದಿದ್ದರೆ ಈ ರೋಗ ಹೇಗೆ ಸಾಗುತ್ತದೆ ಎಂಬುದು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಹಳೆಯ ದಾಖಲೆಗಳಿಂದ ತಿಳಿಯುತ್ತದೆ. 1805ರಿಂದ 1933ರವರೆಗಿನ 250 ಮಹಿಳೆಯರ ವಿವರಗಳನ್ನು ಬ್ಲೂಮ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದರು. ರೋಗಲಕ್ಷಣ ಕಾಣಿಸಿಕೊಂಡ 5 ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ 18 ಮಂದಿ, 10 ವರ್ಷಗಳ ಬಳಿಕ ಸುಮಾರು 4 ಮಂದಿ. ಇವರಲ್ಲಿ ಹೆಚ್ಚಿನವರು ರೋಗ ಬಲಿತ ಮೇಲೆ ಆಸ್ಪತ್ರೆಗೆ ಬಂದವರಾದ್ದರಿಂದ ಈ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೆ ಯಾವ ಔಷಧವೂ ಇಲ್ಲದೆ 10 ವರ್ಷ ಬದುಕಿದವರೂ ಇದ್ದರೆಂದರೆ, ರೋಗದ ವೇಗ ಒಬ್ಬೊಬ್ಬರಲ್ಲಿ ಒಂದೊಂದು ಬಗೆ ಎಂದಾಯಿತು.

ಆ ವೇಗವನ್ನು ಅಳೆಯುವ ಹಳೆಯ ವಿಧಾನವೇ ದರ್ಜೆ. ಬ್ಲೂಮ್ ಮತ್ತು ರಿಚರ್ಡ್‌ಸನ್ 1957ರಲ್ಲಿ ರೂಪಿಸಿದ ಇದನ್ನು ನಾಟಿಂಗ್‌ಹ್ಯಾಮಿನ ಎಲ್‌ಸ್ಟನ್ ಮತ್ತು ಎಲಿಸ್ 1991ರಲ್ಲಿ ಪರಿಷ್ಕರಿಸಿದರು. ಕೋಶಗಳು ನಾಳದಂತೆ ಜೋಡಿಸಿಕೊಂಡಿವೆಯೇ, ಕೋಶಕೇಂದ್ರದ ಆಕಾರ ಎಷ್ಟು ಕೆಟ್ಟಿದೆ, ಎಷ್ಟು ಕೋಶಗಳು ವಿಭಜನೆಯಲ್ಲಿವೆ ಎಂಬ ಮೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಲಾ 1ರಿಂದ 3 ಅಂಕ ಕೊಡುತ್ತಾರೆ. ಮೊತ್ತ 5ರವರೆಗಿದ್ದರೆ ಒಂದನೇ ದರ್ಜೆ, 6 ಅಥವಾ 7 ಇದ್ದರೆ ಎರಡನೆಯದು, 8 ಅಥವಾ 9 ಇದ್ದರೆ ಮೂರನೆಯದು.

ನಾಟಿಂಗ್‌ಹ್ಯಾಮ್ ಸೂಚ್ಯಂಕ (1982) ದರ್ಜೆಗೆ ಗಾತ್ರವನ್ನೂ ಗ್ರಂಥಿಗಳ ಲೆಕ್ಕವನ್ನೂ ಸೇರಿಸಿತು. 2 ಸೆಂ.ಮೀ. ಗಡ್ಡೆ, ಎರಡನೇ ದರ್ಜೆ, ಎರಡು ಗ್ರಂಥಿಗಳಲ್ಲಿ ರೋಗ ಇದ್ದರೆ: ಗಾತ್ರದ ಐದನೇ ಒಂದು ಭಾಗ 0.4, ದರ್ಜೆಗೆ 2, ಒಂದರಿಂದ ಮೂರು ಗ್ರಂಥಿಗಳಿಗೆ 2, ಒಟ್ಟು 4.4. ಇದು 3.4 ಮತ್ತು 5.4ರ ನಡುವಿನ ಮಧ್ಯಮ ಗುಂಪು. ಈ ಲೆಕ್ಕದಲ್ಲಿ ಗಾತ್ರದ ಪಾಲು ಕಡಿಮೆ, ಕಂಕುಳಿನದು ಹೆಚ್ಚು. ಮನೆಯವರು ಮೊದಲು ಕೇಳುವುದು ಮಾತ್ರ ಗಡ್ಡೆ ಎಷ್ಟು ದೊಡ್ಡದು ಎಂದೇ.

ಮರುಕಳಿಕೆ ಯಾವಾಗ ಎಂಬುದನ್ನು ಹೆಚ್ಚಾಗಿ ಗ್ರಾಹಕಗಳು ನಿರ್ಧರಿಸುತ್ತವೆ. ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಗ್ರಾಹಕಗಳಾಗಲಿ ಹೆಚ್ಚುವರಿ ಹರ್-2 ಆಗಲಿ ಇಲ್ಲದ ‘ಟ್ರಿಪಲ್ ನೆಗೆಟಿವ್’ ಬಗೆಯಲ್ಲಿ ಅಪಾಯ ಮೊದಲ ಮೂರು ವರ್ಷಗಳಲ್ಲೇ ತೀವ್ರ. 5 ವರ್ಷ ದಾಟಿದರೆ ಬಹಳ ಇಳಿಯುತ್ತದೆ. ಈಸ್ಟ್ರೊಜೆನ್ ಗ್ರಾಹಕ ಇರುವ ಬಗೆಯಲ್ಲಿ ಆರಂಭದ ವರ್ಷಗಳು ಸಲೀಸು, ಆದರೆ ಅಪಾಯ ಬೇಗ ಮುಗಿಯುವುದಿಲ್ಲ. ಈ ಬಗೆಯ 62,923 ಮಹಿಳೆಯರ ಮಾಹಿತಿಯನ್ನು ಆಕ್ಸ್‌ಫರ್ಡ್ ಕೇಂದ್ರಿತ ಅಂತಾರಾಷ್ಟ್ರೀಯ ತಂಡವೊಂದು 2017ರಲ್ಲಿ ವಿಶ್ಲೇಷಿಸಿತು. ಎಲ್ಲರೂ 5 ವರ್ಷ ಹಾರ್ಮೋನ್ ಚಿಕಿತ್ಸೆ ಮುಗಿಸಿ ರೋಗಮುಕ್ತರಾಗಿದ್ದವರು. ಅಲ್ಲಿಂದ 20ನೇ ವರ್ಷದವರೆಗೆ ದೂರದ ಅಂಗಗಳಲ್ಲಿ ರೋಗ ಮರುಕಳಿಸುವ ಸಂಭವ, 2 ಸೆಂ.ಮೀ. ಒಳಗಿನ ಗಡ್ಡೆಯಿದ್ದು ಗ್ರಂಥಿಗಳಿಗೆ ಹರಡದವರಲ್ಲಿ ಶೇ 13. ಅಷ್ಟೇ ಗಾತ್ರವಿದ್ದು 4ರಿಂದ 9 ಗ್ರಂಥಿಗಳಿಗೆ ಹರಡಿದ್ದವರಲ್ಲಿ ಶೇ 34. ಹಾರ್ಮೋನ್ ಚಿಕಿತ್ಸೆಯ ಟಾಮಾಕ್ಸಿಫೆನ್ ಮಾತ್ರೆಯನ್ನು 5ರ ಬದಲು 10 ವರ್ಷ ಮುಂದುವರಿಸಿದರೆ ಲಾಭ ಹೆಚ್ಚು ಎಂದು ಅಟ್ಲಾಸ್ ಪ್ರಯೋಗ 2012ರಲ್ಲಿ ತೋರಿಸಿತ್ತು.

ಮುನ್ಸೂಚಕದ ಅರ್ಥವನ್ನು ಚಿಕಿತ್ಸೆ ಬದಲಿಸುವುದೂ ಉಂಟು. ಹರ್-2 ಹೆಚ್ಚಿದ್ದರೆ ಆಯಸ್ಸು ಕಡಿಮೆ ಎಂದು ಡೆನಿಸ್ ಸ್ಲೇಮನ್ ತಂಡ 1987ರಲ್ಲಿ ತೋರಿಸಿತು. ಅದೇ ಪ್ರೋಟೀನಿಗೆ ಗುರಿಯಿಟ್ಟ ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿದ ಮೇಲೆ ಆ ಕೆಟ್ಟ ಸೂಚನೆಯ ಬಿರುಸು ತಗ್ಗಿತು.

ಉಳಿವಿನ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ತಪಾಸಣೆಯಲ್ಲಿ ಗಡ್ಡೆ ಎರಡು ವರ್ಷ ಮೊದಲೇ ಸಿಕ್ಕರೆ, ಸಾಯುವ ದಿನ ಬದಲಾಗದಿದ್ದರೂ ಬದುಕಿದ ಅವಧಿ ಎರಡು ವರ್ಷ ಹೆಚ್ಚಿದಂತೆ ಕಾಣುತ್ತದೆ.

ಕಾನ್‌ಕಾರ್ಡ್-3 ಅಧ್ಯಯನದಂತೆ 2010–14ರಲ್ಲಿ ರೋಗ ಪತ್ತೆಯಾದವರಲ್ಲಿ 5 ವರ್ಷದ ಉಳಿವು ಅಮೆರಿಕದಲ್ಲಿ ಶೇ 90, ಭಾರತದಲ್ಲಿ ಶೇ 66ರ ಆಸುಪಾಸು. ಇಲ್ಲಿ ಅನೇಕರು ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವುದೂ ಚಿಕಿತ್ಸೆಯನ್ನು ನಡುವೆಯೇ ಬಿಡುವುದೂ ಈ ಅಂತರಕ್ಕೆ ದೊಡ್ಡ ಕಾರಣಗಳು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುವ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದಲೂ ಮಾಹಿತಿ ಕಲೆಹಾಕುತ್ತಿದೆ. ನಗರದ ಮಹಿಳೆಯರಲ್ಲಿ ಈಗ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. ಆದರೆ 20 ವರ್ಷದ ಉಳಿವನ್ನು ಲೆಕ್ಕಹಾಕಲು ರೋಗಿಯ ವಿಳಾಸ, ಫೋನ್ ನಂಬರು ಬದಲಾದ ಮೇಲೂ ಅವರ ಜಾಡು ಹಿಡಿಯಬೇಕು. ಚಿಕಿತ್ಸೆ ಮುಗಿಸಿ ಊರಿಗೆ ಹೋದವರು ಮತ್ತೆ ಬಾರದಿದ್ದರೆ, ಬದುಕಿದ್ದಾರೋ ಇಲ್ಲವೋ ಎಂಬುದು ಕಡತಕ್ಕೆ ಸೇರುವುದೇ ಇಲ್ಲ.