ಕಶಿನೊಜಾಕಿಯ ದೀಪಸ್ತಂಭ

ದೀಪಸ್ತಂಭ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ಗುಡಿಯ ಮುಂದಿನ ಕಲ್ಲಿನ ದೀಪಮಾಲೆ. ಕಾರ್ತಿಕದಲ್ಲಿ ಎಣ್ಣೆ ಬತ್ತಿ ಹಾಕಿ ಅದನ್ನು ಬೆಳಗುತ್ತೇವೆ, ಸುತ್ತಿನ ಹಳ್ಳಿಗಳ ಜನ ಅದನ್ನು ನೋಡಿಕೊಂಡು ಗುಡಿಗೆ ಬರುತ್ತಾರೆ. ಸಮುದ್ರದ ದಂಡೆಯ ದೀಪಸ್ತಂಭದ ಕೆಲಸ ಇದಕ್ಕೆ ತಿರುಗುಮುರುಗು. ಲೈಟ್‌ಹೌಸ್ ಎಂದು ಕರೆಯುವ ಆ ಗೋಪುರದ ಬೆಳಕು ‘ಇಲ್ಲಿ ಬಂಡೆಗಳಿವೆ, ಹತ್ತಿರ ಬರಬೇಡ’ ಎಂದು ಹಡಗಿನವರಿಗೆ ಎಚ್ಚರಿಕೆ ಹೇಳುತ್ತದೆ. ಇಂಥ ಒಂದು ದೀಪ ಜಪಾನಿನ ಸಣ್ಣ ದ್ವೀಪವೊಂದರಲ್ಲಿ 1870ರಿಂದ ಉರಿಯುತ್ತಿದೆ. ಒಂದು ರಾತ್ರಿ ಮಾತ್ರ ಅದು ಜನರನ್ನು ಹತ್ತಿರ ಕರೆಯಿತು. ಆ ಸಂಗತಿಯನ್ನು ಹೇಳಬೇಕೆಂದಿದ್ದೇನೆ.

ಜಪಾನಿನ ದೊಡ್ಡ ದ್ವೀಪ ಹೊನ್‌ಶೂ. ಅದರ ತೀರ ದಕ್ಷಿಣದ ತುದಿಯಲ್ಲಿ ವಕಯಾಮ ಪ್ರಾಂತ್ಯದ ಕುಶಿಮೊಟೊ ಎಂಬ ಪಟ್ಟಣವಿದೆ. ಒಸಾಕಾ ನಗರದಿಂದ ರೈಲಿನಲ್ಲಿ ಮೂರು ಮೂರೂವರೆ ತಾಸಿನ ಹಾದಿ. ಪಟ್ಟಣದ ಎದುರಿಗೆ ಸಮುದ್ರದಲ್ಲಿ ಕೀ ಓಶಿಮಾ ಎಂಬ ದ್ವೀಪ. ಹಿಂದೆ ದೋಣಿಯೇ ಗತಿ. 1999ರಲ್ಲಿ ಸೇತುವೆಯಾದ ಮೇಲೆ ಬಸ್ಸು ಹೋಗುತ್ತದೆ. ದ್ವೀಪದ ಪೂರ್ವದ ಕೊನೆಯ ಊರು ಕಶಿನೊ, ಅದರಾಚೆಯ ಭೂಶಿರ ಕಶಿನೊಜಾಕಿ. ಹೆಸರು ಕೇಳಿ ಯಾರಿಗಾದರೂ ಕಾಶಿ ನೆನಪಾದರೆ ತಪ್ಪಿಲ್ಲ, ಆದರೆ ಕಾಶಿಗೂ ಅದಕ್ಕೂ ಸಂಬಂಧವಿಲ್ಲ.

ಬಸ್ಸು ಇಳಿದು ದೀಪಸ್ತಂಭಕ್ಕೆ ನಡೆದು ಹೋಗುವವರಿಗೆ ಮೊದಲು ಆಗುವುದು ಬೆರಗು. ದಾರಿಯ ಬದಿಯ ಅಂಗಡಿಯಲ್ಲಿ ಟರ್ಕಿ ದೇಶದ ತಟ್ಟೆ, ದೀಪ, ಮಿಠಾಯಿ ಮಾರುತ್ತಾರೆ. ಮುಂದೆ ಟರ್ಕಿಯ ಹೆಸರಿನ ವಸ್ತುಸಂಗ್ರಹಾಲಯ. ಇನ್ನೂ ಮುಂದೆ ಟರ್ಕಿ ಗಣರಾಜ್ಯ ಸ್ಥಾಪಿಸಿದ ಅತಾತುರ್ಕ್ ಅವರು ಕುದುರೆಯ ಮೇಲೆ ಕುಳಿತ ಪ್ರತಿಮೆ. ಅಲ್ಲೇ ಸಮುದ್ರಕ್ಕೆ ಮುಖಮಾಡಿದ ಎತ್ತರದ ಸ್ಮಾರಕವೂ ಇದೆ. ದೀಪಸ್ತಂಭ ಎಲ್ಲಕ್ಕೂ ಕೊನೆಯಲ್ಲಿ. ಜಪಾನಿನ ಮೂಲೆಯ ದ್ವೀಪದಲ್ಲಿ ಟರ್ಕಿಗೇನು ಕೆಲಸ? ಅದನ್ನು ತಿಳಿಯಲು ಮೊದಲು ದೀಪದ ಹುಟ್ಟನ್ನು ತಿಳಿಯಬೇಕು.

ಜಪಾನ್ ಎರಡು ನೂರು ವರ್ಷಕ್ಕೂ ಮೀರಿ ಪರದೇಶದವರಿಗೆ ಬಾಗಿಲು ಮುಚ್ಚಿಕೊಂಡಿತ್ತು. 1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ನಿಂತ ಮೇಲೆ ತೆರೆಯಲೇಬೇಕಾಯಿತು. ಒಂದರ ಹಿಂದೆ ಒಂದು ಒಪ್ಪಂದಗಳಾದವು. ಅವು ಸಮಾನರ ಒಪ್ಪಂದಗಳಲ್ಲ. ಸುಂಕ ಎಷ್ಟೆಂದು ಜಪಾನ್ ತಾನೇ ನಿರ್ಧರಿಸುವಂತಿರಲಿಲ್ಲ. ಜಪಾನಿನ ನೆಲದಲ್ಲಿ ಪರದೇಶದವನು ಅಪರಾಧ ಮಾಡಿದರೆ ಅವನನ್ನು ಅವನ ದೇಶದ ರಾಯಭಾರ ಅಧಿಕಾರಿಯೇ ವಿಚಾರಿಸುತ್ತಿದ್ದ, ಜಪಾನಿನ ನ್ಯಾಯಾಲಯಕ್ಕೆ ಅಧಿಕಾರವಿರಲಿಲ್ಲ. 1866ರಲ್ಲಿ ಬ್ರಿಟನ್, ಫ್ರಾನ್ಸ್, ಅಮೆರಿಕ, ಹಾಲೆಂಡ್ ದೇಶಗಳೊಡನೆ ಆದ ಒಪ್ಪಂದದಲ್ಲಿ ಇನ್ನೊಂದು ಶರತ್ತು ಸೇರಿತು. ತಮ್ಮ ಹಡಗುಗಳು ಸುರಕ್ಷಿತವಾಗಿ ಓಡಾಡಲು ಜಪಾನ್ ತನ್ನ ಕರಾವಳಿಯಲ್ಲಿ ದೀಪಗಳನ್ನು ಇಡಬೇಕು, ಖರ್ಚೂ ಜಪಾನಿನದೇ. ಹೀಗೆ ನಿರ್ಧಾರವಾದ ಎಂಟು ದೀಪಸ್ತಂಭಗಳಲ್ಲಿ ಕಶಿನೊಜಾಕಿಯದೂ ಒಂದು.

ಕಟ್ಟಿದವನು ರಿಚರ್ಡ್ ಹೆನ್ರಿ ಬ್ರಂಟನ್, 1841ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ರೈಲ್ವೆ ಕೆಲಸದ ಇಂಜಿನಿಯರನಾದ ಅವನಿಗೆ ದೀಪಸ್ತಂಭ ಹೊಸ ವಿದ್ಯೆ. ಎಡಿನ್‌ಬರೊದಲ್ಲಿ ಸ್ಟೀವನ್‌ಸನ್ ಮನೆತನದ ಇಂಜಿನಿಯರುಗಳ ಹತ್ತಿರ ಅಷ್ಟಿಷ್ಟು ಕಲಿತು 1868ರ ಆಗಸ್ಟಿನಲ್ಲಿ ಜಪಾನಿಗೆ ಬಂದ. ಎಂಟು ವರ್ಷದಲ್ಲಿ 26 ದೀಪಸ್ತಂಭಗಳನ್ನು ಕಟ್ಟಿಸಿದ. ಮುಂಗೋಪಿ, ಅಧಿಕಾರಿಗಳ ಜೊತೆ ಜಗಳವಾಡುತ್ತಲೇ ಇದ್ದು 1876ರಲ್ಲಿ ಊರಿಗೆ ಹೋದ. ಆದರೆ ಕೆಲಸ ಗಟ್ಟಿ. ಕಶಿನೊಜಾಕಿಯ ಕಲ್ಲಿನ ಗೋಪುರವನ್ನು 20ನೆಯ ಶತಮಾನದ ನಡುವೆ ಎತ್ತರಿಸಿದ್ದಾರೆ, ದೀಪದ ಉಪಕರಣ ಬದಲಾಗಿದೆ, ಆದರೂ ಜಪಾನಿನಲ್ಲಿ ಉಳಿದಿರುವ ಕಲ್ಲಿನ ದೀಪಸ್ತಂಭಗಳಲ್ಲಿ ಇದೇ ಹಳೆಯದು. ಆ ದೇಶದ ಮೊದಲ ತಿರುಗುವ ದೀಪವೂ ಇದೇ. ದೀಪವನ್ನು ತಿರುಗಿಸುವುದೇಕೆ ಎಂದರೆ, ದೂರದ ಹಡಗಿಗೆ ಬೆಳಕು ಮಿನುಗಿದಂತೆ ಕಾಣುತ್ತದೆ. ಎಷ್ಟು ಹೊತ್ತಿಗೊಮ್ಮೆ ಮಿನುಗಿತು ಎಂದು ಎಣಿಸಿ ನಾವಿಕ ಇದು ಇಂಥ ಊರಿನ ದೀಪ ಎಂದು ಗುರುತು ಹಿಡಿಯುತ್ತಾನೆ. ಸ್ಥಿರವಾಗಿ ಉರಿಯುವ ದೀಪವಾದರೆ ಮೀನುಗಾರರ ಬೆಂಕಿಯೋ ಮನೆಯ ಬೆಳಕೋ ಹೇಳುವುದು ಕಷ್ಟ. ಮೊದಲ ಕಾವಲುಗಾರರು ಪರದೇಶದವರೇ. ಅವರು ನೆಟ್ಟದ್ದೆಂದು ಊರವರು ಹೇಳುವ ನೈದಿಲೆ ಬಣ್ಣದಲ್ಲ, ಬಿಳಿಯ ಡ್ಯಾಫೋಡಿಲ್ ಜಾತಿಯ ಹೂ ಇಂದಿಗೂ ಚಳಿಗಾಲದಲ್ಲಿ ಅಲ್ಲಿ ಅರಳುತ್ತದೆ. ಅವರು ವಾಸವಿದ್ದ ಕಲ್ಲಿನ ಮನೆಯನ್ನೂ ಕಾಪಾಡಿದ್ದಾರೆ.

ದೀಪವೇನೋ ಬಂತು. ಆದರೆ ಆ ಸಮುದ್ರದಲ್ಲಿ ಮುಳುಗುವವರ ಬೆಲೆ ಎಲ್ಲರಿಗೂ ಒಂದೇ ಆಗಿರಲಿಲ್ಲ. 1886ರ ಅಕ್ಟೋಬರ್ 24ರಂದು ಯೊಕೊಹಾಮಾದಿಂದ ಕೋಬೆಗೆ ಹೊರಟಿದ್ದ ನಾರ್ಮಂಟನ್ ಎಂಬ ಬ್ರಿಟಿಷ್ ಹಡಗು ಇದೇ ಕೀ ಕರಾವಳಿಯಲ್ಲಿ ಒಡೆಯಿತು. ಕಪ್ತಾನನೂ ಬಿಳಿಯ ನಾವಿಕರೂ ದೋಣಿ ಹತ್ತಿ ಪಾರಾದರು. ದಂಡೆಯ ಮೀನುಗಾರರೇ ಅವರನ್ನು ಉಪಚರಿಸಿದರು. ಹಡಗಿನಲ್ಲಿದ್ದ 25 ಮಂದಿ ಜಪಾನೀ ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಕೋಬೆಯ ಬ್ರಿಟಿಷ್ ಅಧಿಕಾರಿ ವಿಚಾರಣೆ ನಡೆಸಿ ಕಪ್ತಾನನದು ತಪ್ಪಿಲ್ಲ ಎಂದುಬಿಟ್ಟ. ದೇಶವೆಲ್ಲ ಕೂಗಿಕೊಂಡ ಮೇಲೆ ಎರಡನೆಯ ವಿಚಾರಣೆಯಾಗಿ ಮೂರು ತಿಂಗಳ ಸಜೆಯಾಯಿತು. ಸತ್ತವರ ಮನೆಯವರಿಗೆ ಪರಿಹಾರ ಸಿಗಲಿಲ್ಲ. ದೀಪ ಇಡಿಸಿದ ಒಪ್ಪಂದಗಳೇ ಆ ತೀರ್ಪಿಗೂ ಆಧಾರ ಎಂಬುದನ್ನು ಮರೆಯಬಾರದು.

ಇದಾಗಿ ನಾಲ್ಕನೆಯ ವರ್ಷಕ್ಕೆ ಇನ್ನೊಂದು ಹಡಗು ಬಂತು.

1887ರಲ್ಲಿ ಜಪಾನಿನ ರಾಜಕುಮಾರ ಕೊಮಾತ್ಸು ಇಸ್ತಾಂಬುಲಿಗೆ ಹೋಗಿದ್ದರು. ಅದಕ್ಕೆ ಪ್ರತಿಯಾಗಿ ತುರ್ಕರ ಸುಲ್ತಾನ ಎರಡನೆಯ ಅಬ್ದುಲ್ ಹಮೀದ್ ಪದಕ ಕಾಣಿಕೆಗಳೊಡನೆ ಎರ್ತುಗ್ರುಲ್ ಎಂಬ ಹಡಗನ್ನು ಕಳಿಸಿದ. ಮರದ ಹಡಗು, 1863ರಲ್ಲಿ ನೀರಿಗಿಳಿದದ್ದು. ಹಾಯಿಯೂ ಇತ್ತು, ಉಗಿಯಂತ್ರವೂ ಇತ್ತು, ಎರಡೂ ಹಳೆಯವು. 1889ರ ಜುಲೈ 14ರಂದು ಆರು ನೂರಕ್ಕೂ ಮೇಲ್ಪಟ್ಟು ಜನರನ್ನು ಹೊತ್ತು ಇಸ್ತಾಂಬುಲಿನಿಂದ ಹೊರಟಿತು. ಸುಯೆಜ್ ಕಾಲುವೆಯಲ್ಲೇ ನೆಲಕ್ಕೆ ತಾಗಿ ದುರಸ್ತಿಗೆ ನಿಂತಿತು. ಅಕ್ಟೋಬರಿನಲ್ಲಿ ನಮ್ಮ ಬೊಂಬಾಯಿಗೆ ಬಂತು. ನಮ್ಮ ಊರುಗಳ ಜನ ಹೊಟ್ಟೆಪಾಡಿಗೆಂದು ಹೋಗುತ್ತಿದ್ದ ಬೊಂಬಾಯಿ ಅದೇ. ಖಲೀಫರ ಹಡಗು ಬಂದಿದೆಯೆಂದು ಅಲ್ಲಿನ ಮುಸಲ್ಮಾನರು ಬಂದರಿಗೆ ಮುಗಿಬಿದ್ದರು. ಮುಂದೆ ಕೊಲಂಬೊ, ಸಿಂಗಪುರ. ಸಿಂಗಪುರದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಅಂತೂ ಯೊಕೊಹಾಮಾ ಮುಟ್ಟಿದ್ದು 1890ರ ಜೂನ್ 7ಕ್ಕೆ, ಹೊರಟ ಹನ್ನೊಂದು ತಿಂಗಳ ಮೇಲೆ.

ಹಡಗಿನ ಮುಖ್ಯಸ್ಥ ಉಸ್ಮಾನ್ ಪಾಷಾ ಚಕ್ರವರ್ತಿ ಮೇಜಿಯವರನ್ನು ಕಂಡು ಕಾಣಿಕೆ ಒಪ್ಪಿಸಿದ. ಅಷ್ಟರಲ್ಲಿ ಹಡಗಿನಲ್ಲಿ ಕಾಲರಾ ಹತ್ತಿತು, ಕೆಲವರು ಸತ್ತರು, ಹೊರಡುವುದು ತಡವಾಯಿತು. ಸೆಪ್ಟೆಂಬರ್ ಎಂದರೆ ಆ ಸಮುದ್ರದಲ್ಲಿ ತೂಫಾನಿನ ತಿಂಗಳು. ಸ್ವಲ್ಪ ತಡೆಯಿರಿ, ಹಡಗು ದುರಸ್ತಿ ಮಾಡಿಸಿ ಎಂದು ಜಪಾನಿನವರು ಹೇಳಿದರು. ಕೈಯಲ್ಲಿ ದುಡ್ಡು ಕಡಿಮೆ, ಮೇಲೆ ಸುಲ್ತಾನನ ಮಾನದ ಪ್ರಶ್ನೆ. ಸೆಪ್ಟೆಂಬರ್ 15ರಂದು ಹೊರಟೇಬಿಟ್ಟರು.

ಮರುದಿನ ರಾತ್ರಿ, ಅಂದರೆ 16ನೆಯ ತಾರೀಖು, ತೂಫಾನು ಹಡಗನ್ನು ಕಶಿನೊಜಾಕಿಯ ಕೆಳಗಿನ ಫುನಗೊರ ಬಂಡೆಗಳ ಕಡೆಗೆ ನೂಕಿತು. ದೀಪ ಉರಿಯುತ್ತಿತ್ತು. ಹಡಗಿನವರಿಗೆ ಕಾಣಿಸುತ್ತಲೂ ಇತ್ತು. ಆದರೆ ಗಾಳಿ, ಅಲೆ, ಶಕ್ತಿಗುಂದಿದ ಯಂತ್ರ, ಇವುಗಳ ನಡುವೆ ಕಂಡ ಅಪಾಯದಿಂದ ತಪ್ಪಿಸಿಕೊಳ್ಳುವುದು ಆಗಲಿಲ್ಲ. ಹಡಗು ಬಂಡೆಗೆ ಬಡಿಯಿತು, ಯಂತ್ರದ ಕೋಣೆಗೆ ನೀರು ನುಗ್ಗಿ ಬಾಯ್ಲರ್ ಸಿಡಿಯಿತು. ಐನೂರಕ್ಕೂ ಹೆಚ್ಚು ಜನ ಸತ್ತರು. ಉಸ್ಮಾನ್ ಪಾಷಾನೂ ಅವರಲ್ಲಿ ಒಬ್ಬ.

ಕೆಲವರನ್ನು ಅಲೆಗಳು ದಂಡೆಗೆ ಎಸೆದವು. ಎದುರಿಗೆ ಗೋಡೆಯಂತೆ ನಿಂತ ಬಂಡೆ, ಅದರ ಮೇಲೆ ಮಿನುಗುವ ಬೆಳಕು. ಬೇರೆ ದಿಕ್ಕೇ ಇಲ್ಲದ ಆ ಗಾಯಾಳುಗಳು ಬೆಳಕನ್ನೇ ಗುರಿಯಾಗಿಸಿ ಕತ್ತಲೆಯಲ್ಲಿ ಬಂಡೆ ಹತ್ತಿದರು. ದೀಪಸ್ತಂಭದ ಬಾಗಿಲು ತೆರೆದ ಜಪಾನೀ ಕಾವಲುಗಾರರಿಗೆ ಕಂಡದ್ದು ರಕ್ತ ಸುರಿಯುವ, ಮೈಮೇಲೆ ಬಟ್ಟೆಯಿಲ್ಲದ, ಅರಿಯದ ಭಾಷೆಯ ಜನ. ಎರಡು ಭಾಷೆಯ ನಡುವೆ ಬದುಕುವ ನಮಗೆ ಆ ಗಳಿಗೆಯ ಕಷ್ಟ ಬೇಗ ಅರ್ಥವಾಗುತ್ತದೆ. ನಮಗಾದರೆ ಸಂತೆಯಲ್ಲಿ ಒಂದಲ್ಲ ಒಂದು ಮಾತು ಕೂಡುತ್ತದೆ. ಅಲ್ಲಿ ಒಂದು ಶಬ್ದವೂ ಕೂಡಲಿಲ್ಲ. ಕಾವಲುಗಾರರು ಎಲ್ಲ ದೇಶಗಳ ಬಾವುಟಗಳ ಚಿತ್ರವಿರುವ ಪುಸ್ತಕ ತಂದು ಮುಂದೆ ಹಿಡಿದರು. ಅವರು ಅರ್ಧಚಂದ್ರ ಮತ್ತು ನಕ್ಷತ್ರದ ಬಾವುಟ ತೋರಿಸಿದರು. ತುರ್ಕರು ಎಂದು ತಿಳಿದದ್ದು ಹಾಗೆ.

ಸುದ್ದಿ ಕಶಿನೊ ಊರಿಗೆ ಮುಟ್ಟಿತು. ಸಣ್ಣ ಊರು, ಮೀನು ಹಿಡಿದು ಬದುಕುವವರು. ತೂಫಾನಿನಿಂದ ದೋಣಿಗಳು ಕಡಲಿಗೆ ಇಳಿದಿರಲಿಲ್ಲ, ಮನೆಗಳಲ್ಲಿ ಕಾಳು ಕಡಿಮೆ. ಆದರೂ ಊರಿಗೆ ಊರೇ ಎದ್ದು ಬಂತು. ತಣ್ಣಗಾದ ಮೈಗಳನ್ನು ತಮ್ಮ ಮೈಗೆ ಒತ್ತಿ ಹಿಡಿದು ಬಿಸಿ ಮಾಡಿದರು. ಉಡುವ ಬಟ್ಟೆ ಕೊಟ್ಟರು. ಗೆಣಸು, ಮೊಟ್ಟೆ ತಂದರು. ಕಷ್ಟಕಾಲಕ್ಕೆಂದು ಉಳಿಸಿಕೊಂಡಿದ್ದ ಕೋಳಿಗಳನ್ನೂ ಕೊಯ್ದರು. ಗುಡಿ, ಶಾಲೆ, ದೀಪಸ್ತಂಭದ ಮನೆ ಎಲ್ಲವೂ ಆಸ್ಪತ್ರೆಯಾದವು. 69 ಮಂದಿ ಉಳಿದರು. ಅಲೆಗಳು ತಂದ ಹೆಣಗಳನ್ನು ದಿನಗಟ್ಟಲೆ ಹೊತ್ತು ತಂದು, ಹಡಗು ಒಡೆದ ಜಾಗ ಕಾಣುವ ದಿಬ್ಬದ ಮೇಲೆ ಹೂಳಿದರು. ಮುಂದಿನದು ಸರಕಾರದ ಕೆಲಸ. ಗಾಯಾಳುಗಳು ಕೋಬೆಯ ಆಸ್ಪತ್ರೆಗೆ ಹೋದರು, ಚಕ್ರವರ್ತಿ ವೈದ್ಯರನ್ನು ಕಳಿಸಿದರು, ಹಿಯೇ ಮತ್ತು ಕೊಂಗೊ ಎಂಬ ಎರಡು ಯುದ್ಧನೌಕೆಗಳು ಆ 69 ಮಂದಿಯನ್ನು ಕರೆದೊಯ್ದು 1891ರ ಜನವರಿ ಆರಂಭದಲ್ಲಿ ಇಸ್ತಾಂಬುಲಿಗೆ ಮುಟ್ಟಿಸಿದವು.

ಬದುಕೆಲ್ಲ ಬ್ಯಾಂಕಿನಲ್ಲಿ ವೋಚರು, ಲೆಡ್ಜರು ನೋಡಿದವನು ನಾನು. ಈ ಇತಿಹಾಸದಲ್ಲಿ ನನ್ನ ಮನಸ್ಸು ಹಿಡಿದದ್ದು ಯುದ್ಧನೌಕೆಗಳಲ್ಲ, ಒಂದು ಕಾಗದ. ಗಾಯಾಳುಗಳನ್ನು ನೋಡಿದ ಸ್ಥಳೀಯ ವೈದ್ಯರು ಮೂವರು. ಚಿಕಿತ್ಸೆಗೆ, ಔಷಧಿಗೆ ಎಷ್ಟು ಖರ್ಚಾಯಿತು, ಲೆಕ್ಕ ಕಳಿಸಿ, ತುರ್ಕರ ಸರಕಾರದಿಂದ ಕೊಡಿಸುತ್ತೇವೆ ಎಂದು ಮೇಲಿನಿಂದ ಅವರಿಗೆ ಪತ್ರ ಬಂತು. ನಮಗೆ ಹಣ ಕೇಳುವ ಉದ್ದೇಶ ಮೊದಲಿನಿಂದಲೂ ಇರಲಿಲ್ಲ, ಕೊಡುವುದಿದ್ದರೆ ಆ ಹಣವನ್ನು ನೊಂದವರಿಗೇ ಕೊಡಿ ಎಂಬ ಅರ್ಥದ ಉತ್ತರವನ್ನು ಅವರು ಬರೆದರು. ಆ ದಾಖಲೆ ಕುಶಿಮೊಟೊದ ಮುರ್ಯೋಜಿ ಎಂಬ ಬೌದ್ಧ ಮಂದಿರದಲ್ಲಿ ಉಳಿದಿದೆ. ನಾಲ್ಕು ವರ್ಷದ ಹಿಂದೆ 25 ಜೀವಗಳಿಗೆ ಬಿಡಿಗಾಸೂ ಪರಿಹಾರ ಕಾಣದ ದಂಡೆಯವರು ಇವರು. ಪರದೇಶದವರ ಮೇಲೆ ಸಿಟ್ಟಿಗೆ ಕಾರಣ ಬೇಕಾದಷ್ಟಿತ್ತು.

ಹಣ ಕೊಟ್ಟವರ ಸಾಲು ಇನ್ನೂ ಉದ್ದವಾಗಿದೆ. ಪತ್ರಿಕೆಗಳು ಚಂದಾ ಎತ್ತಿದವು. ಯಮಾದ ತೊರಾಜಿರೊ ಎಂಬ ಯುವಕ ಊರೂರು ಸುತ್ತಿ ಸುಮಾರು 5,000 ಯೆನ್ ಕೂಡಿಸಿ, 1892ರಲ್ಲಿ ತಾನೇ ಇಸ್ತಾಂಬುಲಿಗೆ ಒಯ್ದು ಒಪ್ಪಿಸಿದ. ಆಮೇಲೆ ಅಲ್ಲಿಯೇ ವ್ಯಾಪಾರ ಹಿಡಿದು ಬಹಳ ವರ್ಷ ಇದ್ದ.

ಇರಾನ್ ಇರಾಕ್ ಯುದ್ಧದ ಕಾಲದಲ್ಲಿ, 1985ರ ಮಾರ್ಚ್ 17ರಂದು, 48 ತಾಸು ಕಳೆದ ಮೇಲೆ ಇರಾನಿನ ಆಕಾಶದಲ್ಲಿ ಹಾರುವ ಯಾವ ವಿಮಾನವನ್ನೂ ಹೊಡೆದುರುಳಿಸುತ್ತೇವೆ ಎಂದು ಸದ್ದಾಂ ಹುಸೇನ್ ಸಾರಿದ. ತೆಹರಾನಿನಲ್ಲಿ ಸಿಕ್ಕಿಬಿದ್ದ ಜಪಾನೀಯರಿಗೆ ಸ್ವದೇಶದ ವಿಮಾನ ಬರಲಿಲ್ಲ. 19ರಂದು, ಗಡುವು ಮುಗಿಯುವ ಮೊದಲು, ಟರ್ಕಿಯ ಎರಡು ವಿಮಾನಗಳು 215 ಜಪಾನೀಯರನ್ನು ಹೊತ್ತು ತಂದವು. ಟರ್ಕಿಯ ಸ್ವಂತ ಜನರಲ್ಲಿ ಅನೇಕರು ರಸ್ತೆ ಹಿಡಿದು ಮನೆಗೆ ಹೋದರು. ಎರ್ತುಗ್ರುಲ್‌ನ ಋಣ ತೀರಿಸಿದೆವು ಎಂದು ಟರ್ಕಿಯವರು ಹೇಳಿದ್ದುಂಟು. ಅದನ್ನು ಅಷ್ಟು ಸರಳವಾಗಿ ನಾನು ಒಪ್ಪಲಾರೆ. ಅಂದಿನ ಪ್ರಧಾನಿ ಒಝಾಲ್ ಅವರಿಗೆ ಪರಿಚಯವಿದ್ದ ಜಪಾನೀ ವ್ಯಾಪಾರಿಯೊಬ್ಬರು ಕೇಳಿಕೊಂಡದ್ದೂ ಕಾರಣ. ಸರಕಾರಗಳು ಒಂದೇ ಕಾರಣಕ್ಕೆ ಏನನ್ನೂ ಮಾಡುವುದಿಲ್ಲ. ಆದರೆ ವಿಮಾನ ಹಾರಿಸಲು ಮುಂದೆ ಬಂದ ಪೈಲಟ್‌ಗಳು ಚಿಕ್ಕಂದಿನಿಂದ ಎರ್ತುಗ್ರುಲ್‌ನ ಹೆಸರು ಕೇಳಿ ಬೆಳೆದ ದೇಶದವರು ಎಂಬುದೂ ಸುಳ್ಳಲ್ಲ.

ಇಂದು ಹೋದವರು ದೀಪಸ್ತಂಭದ ಹೊರಗಿನ ಸುತ್ತು ಮೆಟ್ಟಿಲು ಹತ್ತಬಹುದು. ದೀಪದ ಕೋಣೆಗೆ ಪ್ರವೇಶವಿಲ್ಲ, ಈಗ ಕಾವಲುಗಾರರೂ ಇಲ್ಲ. ದೀಪ ತನ್ನಷ್ಟಕ್ಕೆ ಹತ್ತಿ ಆರುತ್ತದೆ. ಮೇಲಿನಿಂದ ಫುನಗೊರ ಬಂಡೆಗಳು ಕಾಣುತ್ತವೆ. ಸಮುದ್ರ ಶಾಂತವಾಗಿದ್ದ ದಿನ ಅಲ್ಲಿ ಅಷ್ಟು ಜನ ಸತ್ತರೆಂದರೆ ನಂಬುವುದು ಕಷ್ಟ. ಸ್ಮಾರಕವನ್ನು 1937ರಲ್ಲಿ ಟರ್ಕಿ ಹೊಸದಾಗಿ ಕಟ್ಟಿಸಿತು, ಐದು ವರ್ಷಕ್ಕೊಮ್ಮೆ ಎರಡೂ ದೇಶದವರು ಸೇರಿ ಅಲ್ಲಿ ಶ್ರದ್ಧಾಂಜಲಿ ಸಲ್ಲಿಸುತ್ತಾರೆ. ಸುತ್ತ ಗುಡಿಸಿ ಹಸನು ಮಾಡುವ ಕೆಲಸವನ್ನು ದ್ವೀಪದ ಶಾಲೆಯ ಮಕ್ಕಳು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. 2007ರಿಂದ ಟರ್ಕಿಯ ಮುಳುಗುಗಾರರು ಬಂಡೆಗಳ ನಡುವೆ ಹುಡುಕಲು ತೊಡಗಿ ಸಾವಿರಾರು ವಸ್ತುಗಳನ್ನು ಎತ್ತಿದ್ದಾರೆ. ಉಪ್ಪು ಬಿಡಿಸಿ ತೊಳೆದಿಟ್ಟ ಆ ವಸ್ತುಗಳಲ್ಲಿ ನಾವಿಕರಿಗೆ ಅಡಿಗೆ ಮಾಡುತ್ತಿದ್ದ ದೊಡ್ಡದೊಂದು ತಾಮ್ರದ ಹಂಡೆಯೂ ಇದೆ.